ಸುಮ್ಮನೆ ಮಾಡಿದ ಫೋನು

ನನ್ನ ಮಗಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನ ಚಾಲಕರನ್ನು ಮಕ್ಕಳೆಲ್ಲ ವ್ಯಾನ್ ಮಾಮ ಎನ್ನುತ್ತಾರೆ. ಮಕ್ಕಳ ಬಾಯಿಂದ ಅದು ನಮ್ಮ ಬಾಯಿಗೂ ಬಂತು. ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರೆ, ಅದೂ ಸಿಟ್ಟು ಬಂದಾಗ ಮಾತ್ರ.

ಮೊದಲು ಅವರು ಬೇಕರಿಯ ಬ್ರೆಡ್ಡಿನ ಗಾಡಿ ಓಡಿಸುತ್ತಿದ್ದರು. "ಬ್ರೆಡ್ಡು ನಜ್ಜುಗುಜ್ಜಾದ್ರೆ ಅಂಗಡಿಯವ್ರು ವಾಪಸ್ ಕಳಿಸೋರು. ಬ್ರೇಕ್ ಮೇಲೆ ಮೆತ್ತಗೆ ಕಾಲಿಡೋದು ಆಗಲೇ ಕಲಿತಿದ್ದು" ಎಂದು ಮೊದಲ ದಿನವೇ ನನಗೆ ಹೇಳಿದ್ದರು. ನನ್ನ ಮುಖ ನೋಡಿಯೇ ಹೇಳಿರಬೇಕು. ನಾನು ಮಗಳ ಬೆಲ್ಟನ್ನು ಎಳೆದೆಳೆದು ಪರೀಕ್ಷೆ ಮಾಡುತ್ತಿದ್ದೆ.

ಆಗ ನಾವು ತಾಯಂದಿರೆಲ್ಲ ಅವರಿಗೆ ಫೋನು ಮಾಡುತ್ತಿದ್ದೆವು. ಹೊರಟರಾ, ಎಲ್ಲಿದ್ದೀರಿ, ಮಗು ಹತ್ತಿತಾ, ಅಳುತ್ತಿದೆಯಾ? ಅವರು ಸ್ಪೀಕರ್ ಹಾಕಿಕೊಂಡು "ಬಂದೆ ಅಮ್ಮ, ಮೂಲೇಲಿದ್ದೀನಿ" ಎನ್ನುತ್ತಲೇ ಗಾಡಿ ಓಡಿಸುತ್ತಿದ್ದರು. ಒಂದು ದಿನ ಪೆಟ್ರೋಲ್ ಬಂಕಿನ ತಿರುವಿನಲ್ಲಿ ಹೀಗೇ ಮಾತಾಡುತ್ತಿರುವಾಗ ಬೈಕೊಂದು ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದರು. ಕೆಳಗಿನ ಮನೆಯ ಹುಡುಗನ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಅವನ ಅಪ್ಪ ಗೇಟಿನ ಹತ್ತಿರ ನಿಂತು ಕೂಗಾಡಿದರು. ಆ ಕರೆ ನನ್ನದಲ್ಲ. ಮನೆಗೆ ಬಂದು ಫೋನು ತೆಗೆದು ನೋಡಿ ಖಚಿತ ಮಾಡಿಕೊಂಡೆ, ಮಧ್ಯಾಹ್ನ ಮತ್ತೊಮ್ಮೆ ನೋಡಿದೆ.

ವ್ಯಾನ್ ಮಾಮನ ಹೆಂಡತಿ ಕೊರಿಯರ್ ಕಚೇರಿಯೊಂದರಲ್ಲಿ "ನನ್ನ ಪಾರ್ಸಲ್ ಎಲ್ಲಿ" ಎಂಬ ಕರೆಗಳಿಗೆ ಉತ್ತರಿಸಿ ಗಂಟಲು ಸವೆಸಿಕೊಂಡವರು. "ಪಾರ್ಸಲ್ ಎಲ್ಲಿದೆ ಅಂತ ತಾನಾಗೇ ಮೆಸೇಜ್ ಹೋಗುತ್ತೆ. ಮಕ್ಕಳು ಎಲ್ಲಿದ್ದಾರೆ ಅಂತ ಹೋಗಲ್ವಾ?" ಎಂದು ಅವರೇ ಕುಳಿತು ಗಂಡನ ಫೋನಿನಲ್ಲಿ ಏರ್ಪಾಡು ಮಾಡಿದರು. ವ್ಯಾನು ನಮ್ಮ ಬೀದಿಗೆ ಬಂದರೆ ಒಂದು ಮೆಸೇಜು. ಮಗು ಹತ್ತಿದಾಗ ಮಾಮ ಅದರ ಫೋಟೋ ಮೇಲೆ ಒಮ್ಮೆ ಒತ್ತಿದರೆ ಆ ಮನೆಗೊಂದು ಮೆಸೇಜು. ಇಳಿದಾಗ ಇನ್ನೊಂದು. ಗಾಡಿ ಚಲಿಸುವಾಗ ಕರೆ ಬಂದರೆ ಫೋನೇ ಉತ್ತರ ಕಳಿಸುತ್ತಿತ್ತು.

ವ್ಯಾನು ನಿಶ್ಶಬ್ದವಾಯಿತು. ನನಗೂ ನೆಮ್ಮದಿ, ಅಂದರೆ ನನ್ನ ಮಟ್ಟಿನ ನೆಮ್ಮದಿ.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದರ ವ್ಯಾನು ನಮ್ಮ ಕಟ್ಟಡಕ್ಕೂ ಬರುವುದೆಂದು ಸುದ್ದಿಯಾಯಿತು. ತಂಪು ಗಾಳಿ, ಕ್ಯಾಮೆರಾ, ಎಲ್ಲ ಇದೆಯಂತೆ. "ಮೆಸೇಜ್ ಅಲ್ಲೂ ಬರುತ್ತೆ, ಇಲ್ಲೂ ಬರುತ್ತೆ. ಏನು ವ್ಯತ್ಯಾಸ?" ಎಂದು ಹಣೆ ಊದಿದ ಹುಡುಗನ ಅಪ್ಪ ಕೇಳಿದರು. ಎಷ್ಟೋ ವಾರಗಳಿಂದ ನಾವ್ಯಾರೂ ವ್ಯಾನ್ ಮಾಮನ ಧ್ವನಿಯನ್ನೇ ಕೇಳಿರಲಿಲ್ಲ. ತಿಂಗಳ ಕೊನೆಗೆ ಸಭೆ ಸೇರಿ ತೀರ್ಮಾನಿಸುವುದೆಂದಾಯಿತು. ಅವರ ವ್ಯಾನಿನಲ್ಲಿ ಹೆಚ್ಚುಪಾಲು ನಮ್ಮ ಕಟ್ಟಡದ ಮಕ್ಕಳೇ. ನಾವು ಬಿಟ್ಟರೆ ಅವರು ಮತ್ತೆ ಬ್ರೆಡ್ಡಿನ ಗಾಡಿ ಹತ್ತಬೇಕಿತ್ತು.

ಆ ದಿನ ಅವರ ಮನೆಯಲ್ಲಿ ನಡೆದ ಮಾತನ್ನು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು.

"ನಿನ್ನ ಮೆಸೇಜ್ ಮೆಷಿನ್ನೇ ನನ್ನ ಕೆಲಸ ತಿಂತು ನೋಡು."

"ಮೆಷಿನ್ನು ನಿಮ್ಮ ಬಾಯಿ ಹೊಲಿದಿದ್ಯಾ? ಅಷ್ಟು ಹೊತ್ತು ಉಳಿಸಿಕೊಟ್ಟಿದೆ. ಆ ಹೊತ್ತಲ್ಲಿ ಏನ್ ಮಾಡ್ತಿದ್ದೀರಿ? ಗಾಡಿ ನಿಲ್ಸಿ ಗೊರಕೆ!"

"ಮತ್ತೇನು ಮಾಡ್ಲೇ?"

"ಮಾತಾಡಿ, ವ್ಯಾನ್ ಮಾಮ! ದಿನಕ್ಕೊಂದು ಮನೆಗೆ ಫೋನ್ ಮಾಡಿ. ಇವತ್ತು ಯಾರ ಸರದಿ ಅಂತ ಮೆಷಿನ್ನೇ ನೆನಪಿಸುತ್ತೆ."

ಮೊದಲ ಸರದಿ ನನ್ನದೇ ಆಗಬೇಕೆ? ಬೆಳಿಗ್ಗೆ ಮಗಳು ಶಾಲೆಯಲ್ಲಿ ಇಳಿದ ಮೆಸೇಜು ಬಂದಿತ್ತು. ನಾನು ಬಟ್ಟೆ ಒಣಹಾಕುತ್ತಿದ್ದೆ. ಫೋನಿನಲ್ಲಿ ವ್ಯಾನ್ ಮಾಮನ ಹೆಸರು ಮೂಡಿತು. ಎಲ್ಲದಕ್ಕೂ ಮೆಸೇಜೇ ಬರುವಾಗ ಮನುಷ್ಯ ತಾನೇ ಕರೆ ಮಾಡಿದರೆ ಏನರ್ಥ? ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಕೈಯಲ್ಲಿ ಒದ್ದೆ ಟವೆಲ್ಲು ಹಿಡಿದು ಮೆಟ್ಟಿಲಿಳಿಯುತ್ತಲೇ ಫೋನೆತ್ತಿದೆ.

"ಏನಾಯ್ತು? ಮಗೂಗೆ ಏನಾಯ್ತು?"

"ಏನೂ ಆಗಿಲ್ಲಮ್ಮ. ಸುಮ್ನೆ ಮಾಡ್ದೆ."

"ಸುಮ್ನೆ ಯಾರಾದ್ರೂ ಫೋನ್ ಮಾಡ್ತಾರಾ ಅಣ್ಣ?" ಎಂದು ಕಿರುಚಿ ಫೋನಿಟ್ಟೆ. ಮೆಟ್ಟಿಲ ಮೇಲೆಯೇ ಕುಳಿತು ಒದ್ದೆ ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಮರುದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಎದುರು ಮನೆಯಾಕೆ ಮಾಮನ ಕರೆ ನೋಡಿ, ಸಾಲಿನಲ್ಲಿ ನಿಂತವರನ್ನೆಲ್ಲ ಬಿಟ್ಟು ಕೌಂಟರಿನಿಂದ ಎದ್ದು ಓಡಿದರಂತೆ. ಕಟ್ಟಡದ ಗ್ರೂಪಿನಲ್ಲಿ ದೂರುಗಳು ತುಂಬಿದವು. "ಇದಕ್ಕಿಂತ ಕಂಪನಿ ವ್ಯಾನೇ ವಾಸಿ" ಎಂದು ಯಾರೋ ಬರೆದರು.

ವ್ಯಾನ್ ಮಾಮನ ಹೆಂಡತಿ ಸುಮ್ಮನಿರುವವರಲ್ಲ. ಕರೆಗೆ ಮುಂಚೆ ಮೆಸೇಜು ಹೋಗುವಂತೆ ಮಾಡಿದರು. ಅದೂ ಮೊದಲು ನನಗೇ ಬಂತು: "ವ್ಯಾನ್ ಮಾಮ ಫೋನ್ ಮಾಡುತ್ತಾರೆ. ಏನೂ ಆಗಿಲ್ಲ." ಏನೂ ಆಗದಿದ್ದರೆ ಏನೂ ಆಗಿಲ್ಲವೆಂದು ಏಕೆ ಹೇಳಬೇಕು? ತಡೆಯಲಾರದೆ ಆಕೆಗೇ ಫೋನು ಮಾಡಿ, ಹಿಂದಿನ ಸಲ ಒಂದೇ ಚಪ್ಪಲಿಯಲ್ಲಿ ಮೆಟ್ಟಿಲಿಳಿದದ್ದನ್ನೂ ಹೇಳಿದೆ. ಆಕೆ ಕೆಮ್ಮು ಬರುವಷ್ಟು ನಕ್ಕರು.

"ಅಯ್ಯೋ, ಮತ್ತೆ ಹೆಂಗೆ ಬರೀಲಿ, ನೀವೇ ಹೇಳಿ."

"ಬರೆಯೋದಿರ್ಲಿ ಅಕ್ಕ, ಮಗು ಮನೆಗೆ ಬಂದ್ಮೇಲೆ ಮಾಡ್ಲಿ. ಕಣ್ಣೆದುರಿಗೆ ಇದ್ರೆ ಯಾಕೆ ಹೆದರ್ತೀವಿ?"

"ಇದು ನಂಗೆ ಹೊಳೀಲೇ ಇಲ್ಲ ನೋಡಿ" ಎಂದರು. ಇಬ್ಬರೂ ಸೇರಿ ಮೆಸೇಜನ್ನು ತಿದ್ದಿದೆವು: "ಮಗು ಮನೆ ತಲುಪಿದ ಮೇಲೆ ವ್ಯಾನ್ ಮಾಮನಿಂದ ಒಂದು ಮಾಮೂಲಿ ಕರೆ."

ಸಂಜೆ ಮಗಳು ನನ್ನ ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿದ್ದಳು. ಫೋನು ಬಂತು.

"ಆವತ್ತೇ ಕೇಳೋಣ ಅಂತಿದ್ದೆ, ನೀವು ಇಟ್ಬಿಟ್ರಿ" ಎಂದರು ವ್ಯಾನ್ ಮಾಮ. "ಈಚೆಗೆ ಮಗು ಹಿಂದಿನ ಸೀಟಲ್ಲಿ ಕಿವಿ ಮುಚ್ಕೊಂಡು ಕೂರ್ತಾಳೆ. ಯಾಕೆ ಅಂದ್ರೆ ಹೇಳಲ್ಲ. ಮನೇಲೇನಾದ್ರೂ ಹೇಳಿದ್ಲಾ?"

ಕೆಲವು ವಾರಗಳಿಂದ ಅವಳು ಬೆಳಿಗ್ಗೆ ಶಾಲೆ ಬೇಡವೆಂದು ಅಳುತ್ತಿದ್ದಳು. ಟೀಚರನ್ನು ಕೇಳಿದ್ದೆ, ಡಾಕ್ಟರಿಗೆ ತೋರಿಸಿದ್ದೆ. ವ್ಯಾನನ್ನು ಮಾತ್ರ ಯೋಚಿಸಿರಲಿಲ್ಲ, ಹತ್ತಿದ್ದಾಳೆ ಇಳಿದಿದ್ದಾಳೆ ಎಂದು ಮೆಸೇಜು ಬರುತ್ತಿತ್ತಲ್ಲ. ಮಗಳನ್ನು ಹತ್ತಿರ ಎಳೆದು ಕೇಳಿದೆ.

"ಸೀಟ್ ಕೆಳಗೆ ಯಾರೋ ಇದ್ದಾರೆ, ಗಡಗಡ ಅಂತಾರೆ" ಎಂದಳು.

ಸ್ಪೀಕರಿನಲ್ಲಿ ಕೇಳಿಸಿಕೊಂಡ ವ್ಯಾನ್ ಮಾಮ, "ಅದು ಸ್ಟೆಪ್ನಿ ಟೈರು ಪುಟ್ಟಿ! ಸಡಿಲ ಆಗಿದೆ. ನಾಳೆ ನೀನೇ ಬಗ್ಗಿ ನೋಡುವಂತೆ" ಎಂದರು. ಮರುದಿನ ಅವಳು ಬಗ್ಗಿ ನೋಡಿ, ಟೈರಿಗೊಂದು ಏಟು ಕೊಟ್ಟು, ಚಾಲಕನ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಅಳಲಿಲ್ಲ.

ಸಭೆಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಮಾಮೂಲಿ ಕರೆ ಹೋಗಿತ್ತು. ಕಂಪನಿಯವನು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದ. ಮೇಲಿನ ಮನೆಯ ಅಜ್ಜಿ ಕೈಯೆತ್ತಿದರು.

"ಫೋನ್ ಮಾಡಿದ್ರೆ ಯಾರಪ್ಪ ಎತ್ತೋದು?"

"ಸುಲಭ ಅಜ್ಜಿ. ದೂರಿಗೆ ಒಂದು ಒತ್ತಿ, ವಿವರಕ್ಕೆ ಎರಡು ಒತ್ತಿ..."

"ಒತ್ತೋಕೆ ನಂಗೆ ಲಿಫ್ಟಿದೆ, ಸಾಕು" ಎಂದರು ಅಜ್ಜಿ.

ಹಣೆ ಊದಿದ ಹುಡುಗನ ಮನೆಯವರೂ ಇನ್ನೊಂದು ಮನೆಯವರೂ ಕಂಪನಿಯ ಕಡೆ ಹೋದರು. ತಪ್ಪೆನ್ನಲಾರೆ, ಊದಿದ್ದು ನನ್ನ ಮಗಳ ಹಣೆಯಾಗಿದ್ದರೆ ನಾನೂ ಹೋಗುತ್ತಿದ್ದೆ. ಉಳಿದವರೆಲ್ಲ ಉಳಿದೆವು. ಖಾಲಿಯಾದ ಸೀಟುಗಳಿಗೆ ಪಕ್ಕದ ಬೀದಿಯಿಂದ ಮಕ್ಕಳು ಬಂದರು.

ಇವತ್ತು ಮತ್ತೆ ನನ್ನ ಸರದಿಯ ಮೆಸೇಜು ಬಂದಿತ್ತು. ಮಗಳು ಎದುರಿಗೇ ಕುಳಿತು ಬಣ್ಣ ಹಚ್ಚುತ್ತಿದ್ದಳು. ಆದರೂ ಮೊದಲ ರಿಂಗಿಗೇ ಫೋನೆತ್ತಿ ಕೇಳಿದೆ.

"ಏನಾಯ್ತಣ್ಣ?"

"ಏನೂ ಆಗಿಲ್ಲಮ್ಮ. ಚಪ್ಪಲಿ ಬಿಟ್ಟು ಕೂತ್ಕೊಳ್ಳಿ" ಎಂದರು ವ್ಯಾನ್ ಮಾಮ.