ವಕೀಲರ ನಾನಖಟಾಯಿ, ಗಿರಣಿಯ ಫ್ಯೂಜು

ಆಳಂದದ ಜಯತೀರ್ಥರಾವ ವಕೀಲರು ಎಷ್ಟು ದಾವೆ ಸೋತರೆಂದು ಯಾರೂ ಲೆಕ್ಕ ಇಟ್ಟಿಲ್ಲ, ಅವರಂತೂ ಇಡಲಿಲ್ಲ. ಮುನ್ಸೀಫ್ ಕೋರ್ಟಿನಿಂದ ಸೋತು ಹೊರಬಂದಾಗಲೂ ಅವರದು ಗೆದ್ದವರ ನಡಿಗೆ. ಆ ನಡಿಗೆ ದಾರಿಯಲ್ಲಿ ತಪ್ಪುತ್ತಿದ್ದುದು ಒಂದೇ ಕಡೆ, ಪೀರಸಾಬನ ಭಟ್ಟಿಯ ಮುಂದೆ. ಅಲ್ಲಿ ಸಂಜೆಹೊತ್ತು ನಾನಖಟಾಯಿ ಬೇಯುತ್ತಿದ್ದವು. ತುಪ್ಪ ಏಲಕ್ಕಿಯ ಘಮ ಮೂಗಿಗೆ ಬಡಿದ ಕೂಡಲೇ ವಕೀಲರ ಚಪ್ಪಲಿಯ ಉಂಗುಟ ಸಡಿಲಾಗುತ್ತಿತ್ತು. ಅದನ್ನು ಸರಿಪಡಿಸಲು ಅವರು ಬಹಳ ಹೊತ್ತು ಬಗ್ಗಿಯೇ ಇರುತ್ತಿದ್ದರು. ಮಡಿವಂತರ ಬಾಯಿ ಭಟ್ಟಿಯ ತಿನಿಸು ಮುಟ್ಟುವಂತಿಲ್ಲ. ವಾಸನೆಗೆ ನಿಷೇಧವಿದೆಯೇ ಎಂದು ಅವರು ಶಾಸ್ತ್ರದಲ್ಲಿ ಹುಡುಕಲು ಹೋಗಿರಲಿಲ್ಲ.

ಮಹಾಯುದ್ಧ ಮುಗಿದ ಮರುವರ್ಷ, ಸೊಲ್ಲಾಪುರದಲ್ಲಿ ಊರು ಬಿಟ್ಟು ಹೊರಟ ಇಂಗ್ಲಿಷ್ ಸಾಹೇಬನೊಬ್ಬನ ಸಾಮಾನು ಹರಾಜಾಯಿತು. ವಕೀಲರು ಅಲ್ಲಿಂದ ಬಸ್ಸಿನ ತಲೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಹೇರಿಸಿಕೊಂಡು ಬಂದರು. ಅದು ಕರೆಂಟಿನ ಒಲೆ. ಬಾಗಿಲು ಮುಚ್ಚಿ ಗುಂಡಿ ತಿರುವಿದರೆ ಒಳಗಿಟ್ಟದ್ದು ಬೇಯುತ್ತದೆ. ಸ್ವಂತ ಅಡಿಗೆಮನೆ, ಮಡಿಯ ತುಪ್ಪ, ಮಡಿಯ ನಾನಖಟಾಯಿ. ಆಗ ಊರಲ್ಲಿ ಕರೆಂಟು ಎಂದರೆ ಚಂದ್ರಾಮಪ್ಪನ ಹತ್ತಿ ಗಿರಣಿಯ ಎಂಜಿನ್ನು. ಹಿಂದೊಮ್ಮೆ ಗೋಡೆಯ ದಾವೆಯೊಂದನ್ನು ವಕೀಲರು ಹೇಗೋ ಗೆದ್ದುಕೊಟ್ಟಿದ್ದರಿಂದ, ಆ ಸಂತೋಷಕ್ಕೆ ಅವನು ಅವರ ಪಡಸಾಲೆಗೆ ಒಂದು ತಂತಿ, ಒಂದು ಬಲ್ಬು ಹಾಕಿಸಿದ್ದ. ಅದೇ ತಂತಿಯನ್ನು ಈಗ ವಕೀಲರು ಅಡಿಗೆಮನೆಯ ಒಲೆಯವರೆಗೂ ಎಳೆದರು.

ವಕೀಲರ ಹೆಂಡತಿ ಉಮಾಬಾಯಿ ಹಿಟ್ಟು ನಾದಿ, ಉಂಡೆ ತಟ್ಟಿ, ಒಳಗಿಟ್ಟರು. ವಕೀಲರು ದೇವರ ಹೆಸರು ಹೇಳಿ ಗುಂಡಿ ತಿರುವಿದರು. ಬಲ್ಬು ಆರಿತು. ಗಿರಣಿಯಲ್ಲಿ ಫ್ಯೂಜು ಸುಟ್ಟುಹೋಯಿತು. ಮನೆಯಲ್ಲಿ ಮಲಗಿದ್ದ ಚಂದ್ರಾಮಪ್ಪನ ತಲೆಯ ಮೇಲಿನ ಫ್ಯಾನು ನಿಂತಿತು, ಅವನು ಎದ್ದು ಕುಳಿತ.

ಗಿರಣಿಯ ಫಿಟ್ಟರ್ ಮುರ್ತುಜಾ ಬಂದು ಒಲೆಯನ್ನು ತಟ್ಟಿ, ಕಿವಿಗೊಟ್ಟು ಆಲಿಸಿ, ಹೊತ್ತೊಯ್ದ. ಎರಡು ದಿನ ಎಂಜಿನ್ನಿನ ಪಕ್ಕದಲ್ಲಿಟ್ಟು ಹಚ್ಚಿ ನೋಡಿದ. ಒಳಗೆ ಕೆಂಡದಂತೆ ಕೆಂಪಾಯಿತು. ಮರಳಿ ತಂದಿಟ್ಟ. ಬಂದದ್ದಕ್ಕೆ ಆಗಬೇಕಾದ ಸಂಸ್ಕಾರಗಳೆಲ್ಲ ಆಗಿ ಗುಂಡಿ ತಿರುವಿದರು. ಮತ್ತೆ ಫ್ಯೂಜು ಹಾರಿತು. ಮತ್ತೆ ಗಿರಣಿ, ಮತ್ತೆ ಕೆಂಪು, ಮತ್ತೆ ಮನೆ, ಮತ್ತೆ ಕತ್ತಲೆ.

ವಕೀಲರು ಕಾರಣ ಕಂಡುಹಿಡಿದರು. "ಇದು ಇಂಗ್ರೇಜಿ ರಾಜ್ಯದ ಮಾಲು. ನಮ್ಮದು ನಿಜಾಮರ ರಾಜ್ಯ. ನಮ್ಮ ಸಿಕ್ಕಾ ರೂಪಾಯಿ ಸೊಲ್ಲಾಪುರದಾಗ ನಡಿಯಂಗಿಲ್ಲ. ನಮ್ಮ ಕರೆಂಟು ಸೊಲ್ಲಾಪುರದ ಒಲ್ಯಾಗ ಹೆಂಗ ನಡೀಬೇಕು?"

"ಗಿರಣ್ಯಾಗ ನಡೀತದಲ್ರಿ," ಎಂದ ಮುರ್ತುಜಾ. "ಗಿರಣಿ ಏನು ಇಂಗ್ರೇಜರದೇನ್ರಿ? ನಾ ಹೇಳ್ತೇನಿ ಕೇಳ್ರಿ. ಇದು ಬಂಗಲೇದಾಗ ಸುಮ್ಮಗ ಇದ್ದ ಒಲಿ. ನಿಮ್ಮ ಮನ್ಯಾಗ ಗದ್ದಲ ಭಾಳ. ಗಾಬರಿ ಬೀಳಾಕತ್ತದ."

ವಕೀಲರಿಗೂ ಇದು ಒಪ್ಪಿಗೆಯಾಯಿತು. ಗದ್ದಲ ಎಂದರೆ ಹೆಂಡತಿಯದು ಎಂದು ಅವರು ಅರ್ಥಮಾಡಿಕೊಂಡರು. ಮುಂದಿನ ಸಲ ಮನೆಮಂದಿಯೆಲ್ಲ ಕೈಸನ್ನೆಯಲ್ಲಿ ಮಾತಾಡಿದರು. ಉಮಾಬಾಯಿ ಬಳೆ ಮೇಲೇರಿಸಿಕೊಂಡು ಉಂಡೆ ಇಟ್ಟರು. ಫ್ಯೂಜು ಆ ನಿಶ್ಶಬ್ದದಲ್ಲಿಯೇ ಹಾರಿತು.

ಮುಂದಿನ ಸಲ ಚಂದ್ರಾಮಪ್ಪ ತಾನೇ ಬಂದು ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿ ಇಕ್ಕಳ ಹಿಡಿದ ಮುರ್ತುಜಾ.

"ವಕೀಲರ, ನೀವು ಬಿಸ್ಕೀಟು ಸುಡ್ರಿ, ಬ್ಯಾಡನ್ನಂಗಿಲ್ಲ. ನನ್ನ ಗಿರಣಿ ಯಾಕ ಸುಡ್ತೀರಿ? ನನ್ನ ಮುಂದ ಹಚ್ರಿ. ಹಾರ್ತು ಅಂದ್ರ ಮುರ್ತುಜಾ ಈಗಿಂದೀಗ ತಂತಿ ಇಳಸ್ತಾನ."

"ಹಾರೂದಿಲ್ಲ," ಎಂದು ವಕೀಲರು ಒಳಗೆ ಹೋಗಿ, ತಂಬಿಗೆ ಹಿಡಿದುಕೊಂಡು ಬಂದರು. ಒಲೆಯನ್ನು ಬಚ್ಚಲುಗಲ್ಲಿನ ಮೇಲಿಡಿಸಿ, ಮಂತ್ರ ಹೇಳುತ್ತ ನೆತ್ತಿಯಿಂದ ನೀರು ಸುರಿದರು. ಅದು ಎಲ್ಲ ತೂತುಗಳಿಂದ ಒಳಹೊಕ್ಕು ಹೊಟ್ಟೆಯ ಕೆಳಗಿಂದ ತೊಟ್ಟಿಕ್ಕತೊಡಗಿತು.

ಚಂದ್ರಾಮಪ್ಪ ಬಗ್ಗಿ ಆ ಹನಿಗಳನ್ನು ನೋಡಿದ. "ಇದೇನು ಮಾಡಾಕತ್ತೀರಿ?"

"ಶುದ್ಧಿ. ಅಡಗಿಮನಿಗೆ ಹೋಗೂ ಸಾಮಾನು."

"ಯಾವಾಗ್ಲೂ ಮಾಡ್ತೀರೇನು?"

"ಯಾವಾಗ್ಲೂ ಯಾಕ? ಸಾಹೇಬನ ಮನಿಯಿಂದ ಬಂದಾಗ ಒಮ್ಮೆ, ಆಮ್ಯಾಲ ಮುರ್ತುಜಾ ಮುಟ್ಟಿದಾಗ ಮಾತ್ರ."

ಮುರ್ತುಜಾ ಇಕ್ಕಳವನ್ನು ನೆಲಕ್ಕಿಟ್ಟ. "ನಾ ಮುಟ್ಟದ ರಿಪೇರಿ ಹೆಂಗ್ರಿ ಸಾಹೇಬ್ರ? ಈ ಮಾತು ಮೊದಲ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡೋ ಸಾಕ್ಷಿ ಕೆಟ್ಟ ಸಾಕ್ಷಿ."

"ಇಲ್ಲ ನೀರು ಬಿಡ್ರಿ, ಇಲ್ಲ ತಂತಿ ಬಿಡ್ರಿ," ಎಂದ ಚಂದ್ರಾಮಪ್ಪ.

ವಕೀಲರು ಒಲೆಯನ್ನು ನೋಡಿದರು, ತಂಬಿಗೆಯನ್ನು ನೋಡಿದರು. ಮುಖದಲ್ಲಿ ಪೀರಸಾಬನ ಭಟ್ಟಿಯ ಮುಂದೆ ಬಗ್ಗಿ ನಿಂತವನ ಕಳೆ ಬಂತು. ಆಗ ಬಾಗಿಲ ಮರೆಯಿಂದ ಉಮಾಬಾಯಿ ಕೇಳಿದರು. "ಬಲ್ಬು ಹಾಕಿದಾಂವನೂ ಮುರ್ತುಜಾನೇ. ಅದಕ್ಕ ಒಂದು ತಂಬಿಗಿನೂ ಹಾಕಿಲ್ಲಲ್ಲ?"

"ಬಲ್ಬು ಪಡಸಾಲ್ಯಾಗ ಅದ. ಅದು ನನ್ನ ಕಚೇರಿ. ಅಡಗಿಮನಿ ಅಲ್ಲ," ಎಂದು ವಕೀಲರು ಜಬರಿಸಿದರು. ಜಬರಿಸಿದವರೇ ಆ ಮಾತನ್ನು ಇನ್ನೊಮ್ಮೆ ತಮಗೇ ಹೇಳಿಕೊಂಡರು. ತಾವು ಆಡಿದ ಮಾತೊಂದು ತಮ್ಮ ಕಕ್ಷಿದಾರನಿಗೆ ಉಪಯೋಗವಾದದ್ದು ಅವರಿಗೆ ಹೊಸ ಅನುಭವ. ಈ ಸಲ ಕಕ್ಷಿದಾರರೂ ಅವರೇ ಆಗಿದ್ದರು.

ಒಲೆ ಮಾಳಿಗೆಯ ಮೇಲೆ ಹಪ್ಪಳಗಳ ನಡುವೆ ಬಿಸಿಲಿಗೆ ಒಣಗಿತು. ಆಮೇಲೆ ಪಡಸಾಲೆಗೆ ಬಂದು, ಕಾನೂನಿನ ಪುಸ್ತಕಗಳ ಪಕ್ಕದಲ್ಲಿ ಕುಳಿತಿತು. ಕಚೇರಿಯ ಸಾಮಾನಿಗೆ ನೀರಿಲ್ಲ ಎಂದು ತೀರ್ಪಾಯಿತು. ಅದರಲ್ಲಿ ಬೆಂದದ್ದನ್ನು ಮಡಿವಂತ ತಿನ್ನಬಹುದೇ ಎಂಬುದಕ್ಕೂ ವಕೀಲರ ಬಳಿ ಉತ್ತರವಿತ್ತು.

"ಕಚೇರ್ಯಾಗ ಇರೂದು ತಿನಿಸಲ್ಲ, ಸಾಕ್ಷಿಗೆ ಇಟ್ಟ ಮುದ್ದೇಮಾಲು. ಮುದ್ದೇಮಾಲು ಪರೀಕ್ಷಾ ಮಾಡೂದು ವಕೀಲನ ಕರ್ತವ್ಯ."

"ಮುದ್ದೇಮಾಲಿಗೆ ಸಕ್ಕರಿ ಎಷ್ಟು ಹಾಕಲಿ?" ಎಂದರು ಉಮಾಬಾಯಿ.

ಗುಂಡಿ ತಿರುವಿದಾಗ ಬಲ್ಬು ಅರ್ಧ ಮಂಕಾಯಿತು, ಫ್ಯೂಜು ಹಾರಲಿಲ್ಲ. ಒಂದು ಮಗ್ಗುಲು ಸೀದ ನಾನಖಟಾಯಿ ಹೊರಬಂತು. ವಕೀಲರು ಕಣ್ಣು ಮುಚ್ಚಿ ಪರೀಕ್ಷಿಸಿದರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಕಟ್ಟೆಯ ಮೇಲೆ ಚಂದ್ರಾಮಪ್ಪ, ಮುರ್ತುಜಾ ಇಬ್ಬರೂ ಒಂದೊಂದು ತಿಂದು ಬೆರಳು ನೆಕ್ಕುತ್ತಿದ್ದರು.

"ಒಂದ ಸಬೂತು ಸಾಲೂದಿಲ್ಲ," ಎಂದು ವಕೀಲರು ಮತ್ತೆ ಕೈ ಚಾಚಿದರು.

ಬದುಕಿರುವವರೆಗೂ ಅವರು ಸಂಜೆಯ ಆ ಪರೀಕ್ಷೆಯನ್ನು ತಪ್ಪಿಸಲಿಲ್ಲ. ಕೋರ್ಟಿನಿಂದ ಮನೆಯವರೆಗೂ ಅವರ ನಡಿಗೆ ಆಮೇಲೆ ಎಲ್ಲೂ ತಪ್ಪಲಿಲ್ಲ. ಪೀರಸಾಬ ಮಾತ್ರ ಕೆಲವು ದಿನ ನೋಡಿ, ಮುರ್ತುಜಾನನ್ನು ಕೇಳಿದನಂತೆ: "ವಕೀಲರು ಹೊಸಾ ಚಪ್ಪಲಿ ತಗೊಂಡಾರೇನೋ?"