ಕಂಟೇನರಿನೊಳಗೆ ಎದ್ದ ಧೂಳು

ದೆವ್ವ ನೋಡಿದೆ ಎಂದು ಯಾರಾದರೂ ಹೇಳಿದರೆ, ಎಷ್ಟು ಕುಡಿದಿದ್ದೆ ಎಂದು ಕೇಳುವವನು ನಾನು. ನಮ್ಮ ಚಿಕ್ಕಮ್ಮನ ಮೈಮೇಲೆ ಅಮಾವಾಸ್ಯೆಗೊಮ್ಮೆ ದೇವರು ಬರುತ್ತಿತ್ತು. ಊರೆಲ್ಲ ಕೈಮುಗಿದು ನಿಂತಾಗ ನಾನು ಹಿಂದೆ ನಿಂತು ನಗುತ್ತಿದ್ದೆ. ಕೆಲಸದ ಜಾಗದಲ್ಲಿ ಕ್ರೇನ್ ಹತ್ತಿರ ಒಬ್ಬ ಸತ್ತ ಮೇಲೆ ವಾಚ್‌ಮನ್ ಆ ಕಡೆ ಹೋಗುವುದನ್ನೇ ಬಿಟ್ಟ. ನಾನು ಅಲ್ಲೇ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಆಗ ನಾನು ವೈಟ್‌ಫೀಲ್ಡ್ ಕಡೆಯ ಒಂದು ಕಂಟೇನರ್ ಯಾರ್ಡಿನಲ್ಲಿದ್ದೆ. ಹಡಗಿನಲ್ಲಿ ಬಂದು, ರೈಲಿನಲ್ಲೋ ಲಾರಿಯಲ್ಲೋ ಬೆಂಗಳೂರು ಸೇರುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಸರಕು ಇಳಿಸಿದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದವು. ಗುಡಿಸಿ, ತೊಳೆದು, ತೂತು ಇದೆಯೇ ನೋಡಿ ಕಳಿಸಬೇಕು. ತೂತು ನೋಡಲು ಮಷೀನು ಇಲ್ಲ. ಒಬ್ಬ ಒಳಗೆ ಹೋಗಬೇಕು, ಇನ್ನೊಬ್ಬ ಹೊರಗಿನಿಂದ ಎರಡೂ ಬಾಗಿಲು ಮುಚ್ಚಿ ಕಂಬಿ ಹಾಕಬೇಕು. ಒಳಗೆ ಕಗ್ಗತ್ತಲು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅದು ತೂತು. ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಬಾಗಿಲನ್ನು ಮೂರು ಸಲ ಬಡಿಯಬೇಕು. ಆಗ ಹೊರಗಿನವನು ತೆಗೆಯುತ್ತಾನೆ. ಬಡಿಯುವ ಮುಂಚೆ ತೆಗೆಯುವ ಹಾಗಿಲ್ಲ; ತೆಗೆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಟ್ಟು ಎಲ್ಲ ಮೊದಲಿನಿಂದ ನೋಡಬೇಕು. ಹೊರಗಿನವನು ಬಾಗಿಲು ಬಿಟ್ಟು ಕದಲುವ ಹಾಗೂ ಇಲ್ಲ. ಇದು ನಮ್ಮ ಕಾನೂನು.

ನನ್ನ ಜೋಡಿ ಮಲ್ಲಣ್ಣ. ಕುಷ್ಟಗಿ ಕಡೆಯವನು, ಕುರಿ ಕಾಯುವ ಮನೆತನ. ನನಗಿಂತ ಹದಿನೈದು ವರ್ಷ ದೊಡ್ಡವನು. ಯಾರ್ಡಿಗೆ ಬರುವ ಮುಂಚೆ ಬೊಮ್ಮಸಂದ್ರದ ಆಚೆ ಒಂದು ಗ್ರಾನೈಟ್ ಶೆಡ್ಡಿನಲ್ಲಿ ಎಂಟು ವರ್ಷ ಕಲ್ಲು ಕೊಯ್ದಿದ್ದ. ಮೂಗಿಗೆ ಕಟ್ಟಲು ಟವೆಲ್ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಆ ಕಲ್ಲಿನ ಪುಡಿ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕೈಯನ್ನು ಗೋಡೆಗೆ ಊರಿ ನಿಲ್ಲುತ್ತಿದ್ದ. ಡಾಕ್ಟರು, ಇನ್ನು ಒಂದು ಸಲ ಜೋರಾಗಿ ಧೂಳು ಕುಡಿದರೆ ನಾನು ಏನೂ ಮಾಡಕ್ಕಾಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವನು ಊರಿನಲ್ಲಿರುವ ಹೆಂಡತಿಗೆ ಅದನ್ನು ಹೇಳಿರಲಿಲ್ಲ. ನನಗೆ ಹೇಳಿದ್ದ.

ಅವತ್ತೇ ನಾನು ಮಾತು ಕೊಟ್ಟಿದ್ದೆ. ಒಳಗಿನ ಕೆಲಸವೆಲ್ಲ ನನ್ನದು. ಗುಡಿಸುವುದು, ತೊಳೆಯುವುದು, ಕತ್ತಲಲ್ಲಿ ತೂತು ಹುಡುಕುವುದು ನಾನು. ಬಾಗಿಲು ಹಾಕುವುದು, ತೆಗೆಯುವುದು ಅವನು. ಹೀಗೆ ಒಂದೂವರೆ ವರ್ಷ ನಡೆಯಿತು. ಒಂದು ದಿನವೂ ತಪ್ಪಿಸಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹನ್ನೊಂದು ಗಂಟೆ ಇರಬಹುದು. ಆಸ್ಟ್ರೇಲಿಯಾದಿಂದ ಕಡಲೆ ತಂದಿದ್ದ ಒಂದು ಕಂಟೇನರ್ ಸರದಿಗೆ ಬಂತು. ಬಾಗಿಲು ತೆಗೆದಾಗ ಗೋಡೆಯ ತಗಡಿನ ಮಡಿಕೆಗಳಲ್ಲಿ, ಬಾಗಿಲಿನ ರಬ್ಬರ್ ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು. ನಮ್ಮ ಕೋಲಾರದ ಮಣ್ಣಿನ ಕೆಂಪಲ್ಲ. ತುಕ್ಕಿನಂಥ ಕೆಂಪು, ಗಂಧದ ಪುಡಿಯಷ್ಟು ನುಣ್ಣಗೆ. ಮಲ್ಲಣ್ಣನನ್ನು ದೂರ ನಿಲ್ಲಿಸಿ ನಾನೇ ಗುಡಿಸಿದೆ. ಹೊರದೇಶದ ಮಣ್ಣು ನಮ್ಮ ನೆಲಕ್ಕೆ ಬೀಳಬಾರದೆಂದು ಆಫೀಸಿನವರು ಹೇಳಿದ್ದರಿಂದ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೊಟ್ಟುಬಂದೆ. ಆಮೇಲೆ ಪೈಪು ಹಿಡಿದು ಮೇಲಿಂದ ಕೆಳಗಿನ ತನಕ ನೀರು ಹೊಡೆದೆ. ಒಣಗಲು ಬಿಟ್ಟು ಟೀ ಕುಡಿದು ಬಂದೆವು. ಕೈಯಿಂದ ಒರಸಿ ನೋಡಿದೆ, ಬೆರಳಿಗೆ ಏನೂ ಅಂಟಲಿಲ್ಲ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಒಳಗೆ ಹೋದೆ. ಮಲ್ಲಣ್ಣ ಬಾಗಿಲು ಹಾಕಿದ. ಕತ್ತಲಾಯಿತು. ದಿನಾ ಇರುವ ಕತ್ತಲೇ. ಕಣ್ಣು ಹೊಂದಿಕೊಳ್ಳಲಿ ಎಂದು ನಿಂತೆ. ಎಲ್ಲೂ ತೂತಿಲ್ಲ. ಇನ್ನೇನು ಬಡಿಯಬೇಕು ಎನ್ನುವಾಗ ಬಾಗಿಲಿನ ಅಂಚಿನಲ್ಲಿ ಕೆಂಪು ಗೆರೆಯೊಂದು ಕಂಡಿತು. ಬಿಸಿಲು ಬಿದ್ದರೆ ಬಿಳಿ ಗೆರೆ ಬರುತ್ತದೆ. ಇದು ಕೆಂಡದ ಬಣ್ಣ. ನೋಡುತ್ತಿದ್ದ ಹಾಗೆ ಅದು ಕಪ್ಪಾಗುತ್ತ ಹೋಯಿತು. ಆಮೇಲೆ ಮೇಲ್ಗಡೆ ತಗಡಿನ ಮೇಲೆ ಯಾರೋ ಲೋಡುಗಟ್ಟಲೆ ಮರಳು ಸುರಿದ ಸದ್ದು. ಸುರಿಯುತ್ತಲೇ ಇತ್ತು. ಇಡೀ ಪೆಟ್ಟಿಗೆ ಅಲುಗಿತು. ಉಸಿರು ತೆಗೆದುಕೊಂಡರೆ ಗಂಟಲಿಗೆ ಒಣಮಣ್ಣು. ಹಲ್ಲು ಕಚ್ಚಿದರೆ ಕರಕರ.

ಆಗ ಕುರಿಗಳು ಕೇಳಿಸಿದವು. ಹತ್ತಿಪ್ಪತ್ತಲ್ಲ, ನೂರಾರು. ಅರಚುತ್ತಿರಲಿಲ್ಲ, ಕೆಮ್ಮುತ್ತಿದ್ದವು. ಮನುಷ್ಯರ ಹಾಗೆ ಕೆಮ್ಮುತ್ತ ಹೊರಗಿನಿಂದ ಗೋಡೆಗೆ ಮೈ ಒತ್ತುತ್ತಿದ್ದವು. ದೂರದಲ್ಲಿ ಒಬ್ಬ ಗಂಡಸು ಅವನ್ನು ಕೂಗುತ್ತಿದ್ದ. ಯಾವ ಭಾಷೆಯೋ ಗೊತ್ತಿಲ್ಲ. ಕಳೆದುಹೋದ ದನಕರು ಕರೆಯುವವನ ಕೂಗು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಆ ಕೂಗು ಒಂದೊಂದು ಸಲಕ್ಕೂ ಸಣ್ಣದಾಗುತ್ತ ಹೋಗಿ ನಿಂತಿತು.

ನಾನು ಬಾಗಿಲಿಗೆ ಬಿದ್ದು ಎರಡೂ ಕೈಯಲ್ಲಿ ಗುದ್ದಿದೆ. ಎಷ್ಟು ಸಲ ಎಂದು ಲೆಕ್ಕವಿಲ್ಲ. ಬಾಗಿಲು ತೆರೆಯಿತು.

ಹೊರಗೆ ಬಿಳಿ ಬಿಸಿಲು. ಕಾಂಪೌಂಡಿನ ಹೊಂಗೆಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಮಲ್ಲಣ್ಣ ನನ್ನ ಮುಖ ನೋಡಿ ನಕ್ಕ.

"ಯಾಕೋ ತಮ್ಮಾ, ಒಳಗ ಹಾವು ಐತೇನು? ಈಗರ ಹೋಗೀದಿ, ಮೂರ್ ಸಲ ಬಡದಿ, ತಗದೆ."

"ಮೂರೇನಾ? ಗಾಳಿ ಬಂತೇನಣ್ಣ ಇಲ್ಲಿ?" ಎಂದೆ.

"ಯಾವ ಗಾಳೀನೋ? ಬೆವರಿಗೆ ಅಂಗಿ ಬೆನ್ನಿಗಿ ಹತ್ತೈತಿ."

ಉಗುಳಿದೆ. ಬರೀ ಎಂಜಲು. ಬಟ್ಟೆ ಕೊಡವಿದೆ. ಒಂದು ಚಿಟಿಕೆ ಧೂಳಿಲ್ಲ. ಕೈಗೆಣ್ಣಿನ ಚರ್ಮ ಮಾತ್ರ ಕಿತ್ತು ಬಂದಿತ್ತು.

ಇಲ್ಲಿಂದ ಮುಂದೆ ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯುತ್ತೇನೆ. ತೂತು ನೋಡಿದ ಮೇಲೆ ಬರೆದುಕೊಡುವ ಚೀಟಿಯಲ್ಲಿ ಸರಿ ಇದೆ ಎಂದು ಬರೆಯಲು ಆಗುತ್ತಿರಲಿಲ್ಲ. ಆ ಕೆಂಪು ಗೆರೆ ನಿಜವಾದರೆ ಬಾಗಿಲಿನ ರಬ್ಬರ್ ಕಿತ್ತಿದೆ ಎಂದು ಅರ್ಥ, ಇನ್ನೊಮ್ಮೆ ನೋಡಲೇಬೇಕು. ಕಂಟೇನರ್ ಪರೀಕ್ಷೆ ಮಾಡಿ ಸಹಿ ಹಾಕುವ ಮ್ಯಾಥ್ಯೂ ಸಾರ್ ಯಾರ್ಡಿನ ಆ ತುದಿಯಲ್ಲಿ ಕಾಯುತ್ತಿದ್ದರು. ನಾನು ಬಾಗಿಲ ಹತ್ತಿರ ಹೋದೆ, ಕಾಲು ಒಳಗೆ ಎತ್ತಿಡಲು ಆಗಲಿಲ್ಲ.

"ನನ್ ಕೈಲಾಗಕಿಲ್ಲ ಕಣಣ್ಣ. ನಾಳೆ ನೋಡಾನ" ಎಂದೆ.

"ನಾಳೆ ಅಂದ್ರ ಆ ಸಾಹೇಬ ಬಿಡ್ತಾನೇನು? ತೊಳದೈತಿ, ಒಣಗೈತಿ, ಧೂಳ ಎಲ್ಲೈತಿ? ಸರಿ, ನಾ ಹೋಗ್ತೀನಿ. ದಿನಾ ನನ್ನ ಎಮ್ಮಿ ಕಾಯಾಕ ನಿಲ್ಲಿಸಿದಂಗ ಹೊರಗ ನಿಲ್ಲಸ್ತಿ. ಇವತ್ತ ನೀ ಕಾಯಿ."

"ಬ್ಯಾಡಣ್ಣ" ಎಂದೆ. ಒಂದೇ ಸಲ. ಎರಡನೇ ಸಲ ಅನ್ನಲಿಲ್ಲ. ಒಳಗೆ ಏನು ಕೇಳಿಸಿತು ಎಂದು ಹೇಳಲೂ ಇಲ್ಲ. ಹೇಳಿದರೆ ನಗುತ್ತಾನೆ ಎಂದು ನಾಚಿಕೆಯಾಯಿತು. ಚಿಕ್ಕಮ್ಮನನ್ನು ನೋಡಿ ನಗುತ್ತಿದ್ದವನಿಗೆ ಬೇರೆಯವರು ತನ್ನನ್ನು ನೋಡಿ ನಗುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಅವನು ಟವೆಲನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ಹೋದ. ನನ್ನ ಕೈಯಿಂದಲೇ ನಾನು ಕಂಬಿ ಹಾಕಿದೆ.

ಒಂದು ನಿಮಿಷವಾಯಿತು. ಎರಡಾಯಿತು. ಕಬ್ಬಿಣಕ್ಕೆ ಕಿವಿ ಕೊಟ್ಟೆ. ಏನೂ ಇಲ್ಲ. ಕೆಮ್ಮಿಲ್ಲ, ಹೆಜ್ಜೆ ಸದ್ದಿಲ್ಲ. ಮಲ್ಲಣ್ಣ ಎಂದು ಕರೆದೆ. ಉತ್ತರವಿಲ್ಲ. ಬಡಿಯುವ ತನಕ ತೆಗೆಯಬಾರದಲ್ಲ ಎಂದು ನಿಂತೆ. ಬೇರೆಯವರಿಗೆಲ್ಲ ಇಷ್ಟನ್ನೇ ಹೇಳಿದ್ದೇನೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ಕಾನೂನಿಗಾಗಿ ನಾನು ನಿಂತದ್ದಲ್ಲ. ಬಾಗಿಲು ತೆಗೆದರೆ ಒಳಗೆ ನನಗೆ ಕೇಳಿಸಿದ್ದು ಹೊರಗೆ ಬರುತ್ತದೆ ಎಂದು ಹೆದರಿ ನಿಂತಿದ್ದೆ. ಐದು ನಿಮಿಷವೋ ಆರೋ. ಮ್ಯಾಥ್ಯೂ ಸಾರ್ ನಡೆದು ಬಂದು, "ಏನಪ್ಪಾ, ನಿದ್ದೆ ಮಾಡ್ತಿದೀಯಾ? ಓಪನ್ ಮಾಡು" ಎಂದು ಗದರಿದ ಮೇಲೆಯೇ ಕಂಬಿ ಎತ್ತಿದ್ದು.

ಮಲ್ಲಣ್ಣ ಬಾಗಿಲ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ. ಕೈ ಬಾಗಿಲ ಕಡೆ ಚಾಚಿತ್ತು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ತಲೆಕೂದಲು, ಹುಬ್ಬು, ರೆಪ್ಪೆ, ಟವೆಲ್ ಎಲ್ಲ ಕೆಂಪು. ನಾನು ತೊಳೆದಿದ್ದ ನೆಲ ತೊಳೆದ ಹಾಗೇ ಇತ್ತು. ಅವನ ಮೇಲೆ ಮಾತ್ರ ಮಣ್ಣು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಎದೆಯ ಫೋಟೋ ನೋಡಿದ ಡಾಕ್ಟರು, ಇದು ಹಳೇ ಕಲ್ಲಿನ ಪುಡಿ, ಇವತ್ತಲ್ಲ ನಾಳೆ ಆಗೋದೇ ಎಂದರು. ಮೈಮೇಲಿದ್ದ ಕೆಂಪು ಮಣ್ಣಿನ ಬಗ್ಗೆ ಕೇಳಿದೆ. ನರ್ಸ್ ಆಗಲೇ ಒರೆಸಿಬಿಟ್ಟಿದ್ದಳು. "ಈ ಕಡೆಯಿಂದ ಬರೋರೆಲ್ಲ ಧೂಳಲ್ಲೇ ಬರ್ತಾರೆ ಬಿಡಿ" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಹೂಡಿ ರಸ್ತೆಯಲ್ಲಿ ಟಿಪ್ಪರ್ ಹಿಂದೆ ಅರ್ಧ ಗಂಟೆ ನಿಂತರೆ ಯಾರ ರೆಪ್ಪೆಯಾದರೂ ಕೆಂಪಾಗುತ್ತದೆ.

ವಾರ್ಡಿನ ಹೊರಗೆ ಮ್ಯಾಥ್ಯೂ ಸಾರ್ ಬಂದು ಕೂತಾಗ ಕೇಳಿದೆ, ಆ ಕಂಟೇನರ್ ಬಂದ ಕಡೆ ಧೂಳು ಏಳುತ್ತದೆಯೇ ಎಂದು. ಅವರು ಮೊದಲು ಹಡಗಿನಲ್ಲಿದ್ದವರು, ಆ ದೇಶದ ಬಂದರಿನಲ್ಲಿ ಕಣ್ಣಾರೆ ನೋಡಿದ್ದರಂತೆ. ಅಲ್ಲಿ ಒಳನಾಡಿನಲ್ಲಿ ವರ್ಷಗಟ್ಟಲೆ ಮಳೆ ಬರುವುದಿಲ್ಲ. ಹುಲ್ಲು ಒಣಗಿದ ಮೇಲೂ ಕುರಿ ಬಿಡುತ್ತಾರೆ. ಅವು ಬೇರಿನ ತನಕ ಮೇಯುತ್ತವೆ. ಉತ್ತ ಹೊಲ ಬಿತ್ತದೆ ಬರಿದಾಗಿ ಬಿದ್ದಿರುತ್ತದೆ. ಮಣ್ಣು ಹಿಡಿಯಲು ಒಂದು ಬೇರೂ ಇಲ್ಲದಾಗ ತಣ್ಣನೆಯ ದೊಡ್ಡ ಗಾಳಿ ಬಂದು ಮೇಲ್ಮಣ್ಣನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಬೆಟ್ಟದಷ್ಟು ಎತ್ತರದ ಗೋಡೆ ನಡೆದು ಬಂದ ಹಾಗೆ ಕಾಣುತ್ತದಂತೆ. ಮೊದಲು ಆಕಾಶ ಕೆಂಪು, ಆಮೇಲೆ ಮಟಮಟ ಮಧ್ಯಾಹ್ನ ಕಪ್ಪು. ವಿಮಾನಗಳು ನಿಲ್ಲುತ್ತವೆ. ಉಸಿರಿನ ಕಾಯಿಲೆಯವರು ಆಸ್ಪತ್ರೆ ತುಂಬುತ್ತಾರೆ. ಬೇಲಿ ಹೂತುಹೋಗುತ್ತದೆ. ಆ ಮಣ್ಣು ಸಮುದ್ರ ದಾಟಿ ಇನ್ನೊಂದು ದೇಶದ ಹಿಮದ ಮೇಲೆ ಬೀಳುವುದೂ ಇದೆಯಂತೆ.

"ಹೋದ ಮಣ್ಣು ವಾಪಸ್ ಬರಲ್ಲ. ಅದೇ ಅಲ್ಲಿನ ರೈತರ ಅಳು" ಎಂದರು.

"ಕುರಿಗಳು?" ಎಂದೆ.

"ಬೇಲಿ ಹತ್ತಿರ ಒತ್ತಿ ನಿಲ್ತಾವೆ. ಅಲ್ಲೇ ಉಸಿರು ಕಟ್ಟುತ್ತೆ."

ನಾನು ಕೇಳಿಸಿಕೊಂಡದ್ದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ. ಮೇಲಿನ ಮೂಲೆಯಲ್ಲಿ ಉಳಿದಿದ್ದ ಮಣ್ಣು ಉದುರಿರಬೇಕು, ನಿನಗೆ ಒಳಗಿನ ಸೆಕೆಗೆ ತಲೆ ತಿರುಗಿರಬೇಕು ಎಂದರು. ಇರಬಹುದು. ಆದರೆ ಆ ಮೂಲೆಗೆ ನೀರು ಹೊಡೆದವನು ನಾನು.

ಹತ್ತನೇ ದಿನ ಮಲ್ಲಣ್ಣ ಸ್ವಲ್ಪ ಮಾತಾಡಿದ. ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದ.

"ತಮ್ಮಾ, ಕುರಿ ಸಿಕ್ಕುವೇನು?"

ಕುರಿಯ ಸುದ್ದಿ ಅವನ ಎದುರು ನಾನು ಎತ್ತಿರಲಿಲ್ಲ. ಮ್ಯಾಥ್ಯೂ ಸಾರ್ ಅವನ ಹಾಸಿಗೆ ಹತ್ತಿರ ಬಂದೇ ಇರಲಿಲ್ಲ.

"ಸಿಕ್ವಣ್ಣ. ಎಲ್ಲಾ ಸಿಕ್ವು" ಎಂದೆ.

"ಸುಳ್ಳ ಹೇಳ್ತಿ" ಎಂದ. "ಅಂವಾ ಕೂಗೂದು ನಿಲ್ಲಿಸಿದ."

ಅವನು ಕುರಿ ಕಾಯುತ್ತ ಬೆಳೆದವನು. ಕಾಯಿಲೆಯ ಮಂಪರಿನಲ್ಲಿ ಕುರಿ ನೆನಪಾಗುವುದು ದೊಡ್ಡದಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕೂಗುತ್ತಿದ್ದವನು ಯಾರು? ಅವನು ನಿಲ್ಲಿಸಿದ್ದು ನನಗೆ ಹೇಗೆ ಕೇಳಿಸಿತು, ಇವನಿಗೆ ಹೇಗೆ ಕೇಳಿಸಿತು? ಇಬ್ಬರೂ ಒಟ್ಟಿಗೆ ಒಳಗಿರಲಿಲ್ಲ. ಫೋನಿನಲ್ಲಿ ಆ ದೇಶದ ಧೂಳಿನ ವೀಡಿಯೋಗಳನ್ನು ಹುಡುಕಿ ಹುಡುಕಿ ನೋಡಿದ್ದೇನೆ. ಆ ಕೆಂಪು ಅದೇ ಕೆಂಪು. ಅದಕ್ಕಿಂತ ಹೆಚ್ಚು ಏನೂ ಗೊತ್ತಾಗಲಿಲ್ಲ. ನನ್ನ ಎದೆ ಗಟ್ಟಿಯಿತ್ತು; ಎರಡನೇ ಸಲವೂ ನಾನೇ ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಇದೊಂದು ಗೊತ್ತು.

ಹತ್ತೊಂಬತ್ತನೇ ದಿನ ಮಲ್ಲಣ್ಣ ಹೋದ. ಹೆಂಡತಿ ನೀಲಮ್ಮ ಅಷ್ಟು ಹೊತ್ತಿಗೆ ಬಂದಿದ್ದಳು. ಆಂಬುಲೆನ್ಸ್ ಬರುವ ತನಕ ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಅವಳು ಅಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

"ಎದಿ ಕೆಟ್ಟೈತಿ ಅಂತ ಅವರು ಹೇಳದಿದ್ರೂ ನನಗ ಗೊತ್ತಿತ್ತಪ್ಪಾ. ಫೋನಿನ್ಯಾಗ ಉಸಿರು ಕೇಳತಿತ್ತು. ಒಬ್ಬ ಹುಡುಗ ಅದಾನ, ನನ್ನ ಒಳಗ ಬಿಡೂದಿಲ್ಲ, ತಾನ ಹೊಕ್ಕಾನ, ನೀ ಚಿಂತಿ ಮಾಡಬ್ಯಾಡ ಅಂತ ಹೇಳತಿದ್ರು. ಮತ್ತ ಅವತ್ತ ಯಾಕ ಹೋದ್ರು?"

ಗಾಳಿ, ಕುರಿ, ಕೂಗು ಎಲ್ಲ ಬಾಯಿಗೆ ಬಂತು. ಯಾವುದನ್ನು ಹೇಳಿದರೂ ನನ್ನ ತಪ್ಪನ್ನು ಅದರ ಮೇಲೆ ಹಾಕಿದ ಹಾಗಾಗುತ್ತದೆ ಅನ್ನಿಸಿತು.

"ಅವತ್ತು ನಂಗೆ ಹುಷಾರಿರಲಿಲ್ಲಕ್ಕ" ಎಂದೆ.

ಅವಳು ತಲೆಯಾಡಿಸಿದಳು. ನಂಬಿಬಿಟ್ಟಳು. ನನ್ನ ಕೈಗೆಣ್ಣಿನ ಗಾಯದ ಕಲೆ ನೋಡಿ, ಸೆರಗನ್ನು ಸರಿ ಮಾಡಿಕೊಂಡು ಕೇಳಿದಳು.

"ಈಗ ಆರಾಮ ಅದೀಯೇನಪ್ಪಾ?"

ಹೂಂ ಎಂದೆ.