ಬ್ರೇಕ್ ಮೇಡಂ ಮೈದಾನಕ್ಕಿಳಿದದ್ದು

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳು, ಅವಳ ಕಾಲಬುಡದಲ್ಲಿ ಇನ್ನೊಂದು ಬ್ರೇಕು. ಇಪ್ಪತ್ತೆರಡು ವರ್ಷ ಅದನ್ನು ಒತ್ತಿ ಒತ್ತಿ ಬೀದಿಯಲ್ಲೆಲ್ಲ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರಾಗಿದೆ. ಎಷ್ಟೋ ಜನ ತಾವೇ ಕಾರು ನಿಲ್ಲಿಸಿದೆವೆಂದು ಬೀಗುತ್ತಾರೆ. ಅವಳು ಬಿಡುವುದಿಲ್ಲ. "ನಿಲ್ಲಿಸಿದ್ದು ನೀವಲ್ಲ, ನಾನು" ಎಂದು ಮುಖಕ್ಕೇ ಹೇಳಿ, ಆ ದಿನದ ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅವರಿಂದಲೇ ಸಹಿ ಹಾಕಿಸುತ್ತಾಳೆ. ಇಂಥವಳ ಜೊತೆ ಸಂಸಾರ ಹೇಗೆ ಸಾಗುತ್ತದೆ ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕಿತ್ತು.

ಅವಳಿಗೊಬ್ಬ ತಮ್ಮ. ವಯಸ್ಸು ಮೂವತ್ತು ದಾಟಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ. ಹೊಸ ಕಾರು ಕೊಂಡ ಮೊದಲ ತಿಂಗಳು ಒಂದು ಕನ್ನಡಿ ಹಾರಿಸಿದ, ಎರಡನೆಯ ತಿಂಗಳು ನಮ್ಮ ಗೇಟನ್ನೇ ಮಡಚಿದ. ತಿರುವಿನಲ್ಲಿ ಅವನ ಟೈರು ಕಿರುಗುಟ್ಟಿದರೆ ಸಾಕು, ಅಡುಗೆಮನೆಯಲ್ಲಿ ನಿಂತ ಇವಳ ಕಾಲು ತಾನಾಗಿ ನೆಲ ಒತ್ತುತ್ತದೆ. ಅವಳಿಗೆ ನಿಜವಾಗಿಯೂ ಭಯ. "ಹತ್ತು ದಿನ ನನ್ನ ಹತ್ರ ಕಲಿಯೋ" ಎಂದು ಗೋಗರೆದಾಗಲೆಲ್ಲ ಅವನು ನಕ್ಕು ಸೋಫಾದಲ್ಲಿ ಕಾಲು ಚಾಚುತ್ತಿದ್ದ.

ಆ ಸೋಫಾ, ಅದರೆದುರಿನ ದೊಡ್ಡ ಟೀವಿ ಎರಡೂ ನಮ್ಮವು. ಭಾನುವಾರ ಬಂದರೆ ಭಾಮೈದ ತನ್ನ ವಿಡಿಯೋ ಗೇಮಿನ ಪೆಟ್ಟಿಗೆ ಸಿಕ್ಕಿಸಿ ಫುಟ್‌ಬಾಲ್ ಆಡುತ್ತಿದ್ದ. ಎಲ್ಲ ಅಸಲಿನಂತೆಯೇ ಇರುವ ಆಟ. ಆಟಗಾರರನ್ನು ಓಡಿಸಿದರೆ ಸುಸ್ತಾಗುತ್ತಾರೆ, ಅವಸರಪಟ್ಟರೆ ಚೆಂಡು ಕಾಲಿಂದ ಜಾರುತ್ತದೆ. ಒಂದು ಭಾನುವಾರ ಇವಳ ಗೋಗರೆತ ತಡೆಯಲಾರದೆ ಅವನು ಪಂಥ ಕಟ್ಟಿದ.

"ಅಕ್ಕಾ, ಇದರಲ್ಲಿ ಅತಿ ಕಷ್ಟದ ಲೆವೆಲ್ ಅಂತ ಇದೆ. ಅದರಲ್ಲಿ ಕಂಪ್ಯೂಟರನ್ನ ಒಂದೇ ಒಂದ್ಸಲ ಸೋಲಿಸು. ಹತ್ತು ದಿನ ಬಾಯಿ ಮುಚ್ಕೊಂಡು ನಿನ್ನ ಪಾಠಕ್ಕೆ ಬರ್ತೀನಿ."

"ಎಷ್ಟು ದಿನ ಟೈಮು?"

"ಒಂದು ತಿಂಗಳು. ಪೆಟ್ಟಿಗೆ ಇಲ್ಲೇ ಇರ್ಲಿ."

ಹೋಗುವಾಗ ನನ್ನತ್ತ ಕಣ್ಣು ಮಿಟುಕಿಸಿದ. ನಾನೂ ನಕ್ಕೆ. ಆ ನಗು ನನಗೆ ತುಟ್ಟಿಯಾಯಿತು.

ಮೊದಲ ಪಂದ್ಯದಲ್ಲಿ ಎಂಟು ಗೋಲು ತಿಂದಳು. ಎರಡನೆಯದರಲ್ಲಿ ಒಂಬತ್ತು. ಎಲ್ಲರಿಗೂ ನಿಧಾನ, ನಿಧಾನ ಎಂದು ಬುದ್ಧಿ ಹೇಳುವ ಈ ಮಹಾತಾಯಿ ಓಟದ ಬಟನ್ನಿನಿಂದ ಬೆರಳನ್ನೇ ತೆಗೆಯಳು! ಚೆಂಡು ಕಂಡಲ್ಲೆಲ್ಲ ಹನ್ನೊಂದು ಜನರನ್ನೂ ಅಟ್ಟುತ್ತಿದ್ದಳು. ಅರ್ಧ ಪಂದ್ಯ ಮುಗಿಯುವುದರೊಳಗೆ ಅವರೆಲ್ಲ ಏದುಸಿರು ಬಿಡುತ್ತಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಬೇರೆಯವರ ಓಟ ತಡೆದು ತಡೆದು ಒಮ್ಮೆಯಾದರೂ ತಾನೇ ಓಡಬೇಕು ಅನ್ನಿಸಿತ್ತೋ ಏನೋ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವನು, ಸದ್ದು ಕೇಳಿದರೆ ಆಗುವುದಿಲ್ಲ. ಸಂಜೆ ಮನೆಗೆ ಬಂದರೆ ಇವಳು ಗೋಲ್‌ಕೀಪರನಿಗೆ ಛೀಮಾರಿ ಹಾಕುತ್ತಿರುತ್ತಿದ್ದಳು.

ಎರಡನೆಯ ವಾರ ನೋಟ್‌ಬುಕ್ ಹೊರಗೆ ಬಂತು. ಪ್ರತಿ ಪಂದ್ಯದ ಕೊನೆಗೆ ತನ್ನ ತಪ್ಪನ್ನೇ ಬರೆದು ತಾನೇ ಸಹಿ ಹಾಕತೊಡಗಿದಳು. 'ಸುಮ್ಮಸುಮ್ಮನೆ ಕಾಲು ಹಾಕಿದ್ದು.' 'ಪಾಸ್ ಕೊಡುವ ಮೊದಲು ಅಕ್ಕಪಕ್ಕ ನೋಡದ್ದು.' 'ಓಟದ ಬಟನ್, ಮತ್ತೆ.' ಈ ಕೊನೆಯದು ಆರು ಪುಟ ತುಂಬಿತ್ತು.

ಆಮೇಲೆ ಅವಳಿಗೆ ಏನೋ ಹೊಳೆದಂತಾಯಿತು. ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು, ಎದುರಾಳಿಯಿಂದ ಎರಡು ಹೆಜ್ಜೆ ಅಂತರದಲ್ಲಿ ನಿಂತು, ಅವನು ಪಾಸ್ ಕೊಡುವ ದಾರಿಗೆ ಅಡ್ಡವಾಗಿ ಕಾಯತೊಡಗಿದಳು. "ಮುಂದಿನ ಗಾಡಿಗೆ ಅಂಟ್ಕೊಂಡು ಹೋಗ್ಬಾರ್ದು ರೀ, ಅಷ್ಟೇ" ಎಂದಳು ನನಗೆ, ಇಷ್ಟು ದಿನ ನಾನೇ ಅಂಟಿಕೊಂಡು ಹೋಗುತ್ತಿದ್ದೆನೋ ಎಂಬಂತೆ. ಎಂಟು ಗೋಲು ಮೂರಕ್ಕಿಳಿಯಿತು, ಮೂರು ಎರಡಾಯಿತು. ಆದರೆ ಗೆಲುವಿನ ಸುಳಿವೇ ಇಲ್ಲ. ತಿಂಗಳ ಕೊನೆಯ ಶನಿವಾರ ಒಂದು ಗೋಲಿನಿಂದ ಸೋತು, ಕೈ ಚೆಲ್ಲಿ ಕೂತಳು. "ನಾಳೆ ಅವನು ಪೆಟ್ಟಿಗೆ ತಗೊಂಡು ಹೋಗ್ತಾನೆ. ಅದೇ ಕಾರಲ್ಲಿ, ಅದೇ ಸ್ಪೀಡಲ್ಲಿ" ಎಂದಾಗ ಅವಳ ಕಣ್ಣಲ್ಲಿ ನೀರಿತ್ತು.

ನನಗೆ ನೋಡಲಾಗಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಸೆಟ್ಟಿಂಗ್ಸ್ ತೆರೆದು ಲೆವೆಲ್ಲನ್ನು ಎರಡು ಮೆಟ್ಟಿಲು ಕೆಳಗಿಳಿಸಿದೆ. ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸಿದೆನೆಂದು ಒಳಗೊಳಗೇ ಹಿಗ್ಗಿದೆ: ಭಾಮೈದ ಪಾಠಕ್ಕೆ ಬರುತ್ತಾನೆ, ನನ್ನ ಮನೆಗೆ ಶಾಂತಿ ಬರುತ್ತದೆ.

ಭಾನುವಾರ ಭಾಮೈದನ ಎದುರಿಗೇ ನಾಲ್ಕು ಗೋಲು ಹೊಡೆದು ಗೆದ್ದಳು. ಅವನು ಬಾಯಿ ತೆರೆದು ಕೂತ. "ಆಯ್ತು ಅಕ್ಕಾ, ಒಪ್ಕೊಂಡೆ, ಬರ್ತೀನಿ" ಎಂದ. ನಾನು ಚಪ್ಪಾಳೆ ತಟ್ಟಿದೆ. ಸ್ವಲ್ಪ ಜೋರಾಗಿಯೇ ತಟ್ಟಿದೆ ಎನ್ನಿಸುತ್ತದೆ.

ಅವಳು ನಗಲಿಲ್ಲ. ಪರದೆಯನ್ನೇ ನೋಡುತ್ತಾ, "ಎದುರು ಟೀಮಿನವರು ನಂಗೆ ದಾರಿ ಬಿಟ್ಟುಕೊಡ್ತಿದ್ರು. ಇದು ನಾನು ಗೆದ್ದಿದ್ದಲ್ಲ" ಎಂದಳು. ಸೆಟ್ಟಿಂಗ್ಸ್ ತೆರೆದಳು. ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ರೀ."

"ಅಲ್ಲ ಕಣೇ, ಪಾಪ ಅನ್ನಿಸ್ತು..."

"ನೋಟ್‌ಬುಕ್ ಕೊಡಿ ಇಲ್ಲಿ."

'ಕೇಳದೆ ಬ್ರೇಕ್ ಒತ್ತಿದ್ದು' ಎಂದು ಬರೆದು ನನ್ನ ಮುಂದೆ ಹಿಡಿದಳು. ಐವತ್ತರ ಗಂಡಸು, ಭಾಮೈದನ ಎದುರಿಗೆ ಸಹಿ ಹಾಕಿದೆ. ಅವನು ಬಿದ್ದು ಬಿದ್ದು ನಕ್ಕ. "ಹಾಗಾದ್ರೆ ಈ ಗೆಲುವು ಲೆಕ್ಕಕ್ಕಿಲ್ಲ, ಅಲ್ವಾ?"

"ಇಲ್ಲ" ಎಂದಳು. "ಕೂತ್ಕೋ. ಇವತ್ತು ಕತ್ತಲಾಗೋವರೆಗೂ ಟೈಮಿದೆ, ಇನ್ನೊಂದು ಪಂದ್ಯ ಆಡ್ಬಹುದು."

ಲೆವೆಲ್ಲನ್ನು ಮತ್ತೆ ಮೇಲಕ್ಕೇರಿಸಿ, ನಮ್ಮಿಬ್ಬರಿಗೂ ತೋರಿಸಿ ಶುರುಮಾಡಿದಳು. ಅಂಥ ಆಟವನ್ನು ನಾನು ಕಂಡಿರಲಿಲ್ಲ. ಓಟವಿಲ್ಲ, ಅವಸರವಿಲ್ಲ. ಚಿಕ್ಕ ಚಿಕ್ಕ ಪಾಸು, ದಾರಿ ಕಾಣದಿದ್ದರೆ ಹಿಂದಕ್ಕೆ, ಮತ್ತೆ ಪಕ್ಕಕ್ಕೆ. ಎಪ್ಪತ್ತನೆಯ ನಿಮಿಷದಲ್ಲಿ ಎದುರಾಳಿಗಳೇ ಸುಸ್ತಾಗಿದ್ದರು, ಇವಳವರು ತಾಜಾ ಇದ್ದರು. ಆಗ ಆ ಪಂದ್ಯದಲ್ಲಿ ಮೊದಲ ಬಾರಿ ಓಟದ ಬಟನ್ ಒತ್ತಿ ಒಂದು ಗೋಲು ಹೊಡೆದಳು. ಭಾಮೈದನ ನಗು ನಿಂತೇ ಹೋಯಿತು. ಅವನು ಸೋಫಾದ ತುದಿಗೆ ಜರುಗಿ, "ಅಕ್ಕಾ ಎಡಗಡೆ, ಎಡಗಡೆ!" ಎಂದು ಕಿರುಚತೊಡಗಿದ. ತಾನು ಯಾರ ಪಕ್ಷ ಎಂಬುದೇ ಅವನಿಗೆ ಮರೆತುಹೋಗಿತ್ತು.

ಕೊನೆಯ ನಿಮಿಷದಲ್ಲಿ ಕಂಪ್ಯೂಟರ್ ಒಂದು ಗೋಲು ತುರುಕಿತು. ಒಂದು, ಒಂದು. ಪಂದ್ಯ ಮುಗಿಯಿತು.

ಅವಳು ಆಟದ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕತ್ತಲಾಗುತ್ತಿದ್ದ ಕಿಟಕಿಯತ್ತ ನೋಡಿದಳು. "ಡ್ರಾ ಆಯ್ತು. ಗೆದ್ದ ಹಾಗಲ್ಲ. ಪೆಟ್ಟಿಗೆ ತಗೊಂಡು ಹೋಗು, ನಿಧಾನವಾಗಿ ಹೋಗು" ಎಂದಳು.

ಅವನು ವೈರು ಬಿಚ್ಚಿ, ಸುತ್ತಿ, ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡ. ಬಾಗಿಲವರೆಗೆ ಹೋಗಿ ನಿಂತ.

"ಆಗ್ಲೇ ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳ್ದೆ?"

"ಸುಳ್ಳು ಹೇಳಿ ನಿನ್ನ ಕೂರಿಸ್ಕೊಂಡ್ರೆ, ಆಮೇಲೆ ನಾನು ನಿಲ್ಲು ಅಂದಾಗ ನೀನು ಯಾಕೋ ನಂಬ್ತೀಯ?"

ಅವನು ಚಪ್ಪಲಿ ಮೆಟ್ಟಿ ಹೊರಟ. ಹೊರಗೆ ಕಾರು ಶುರುವಾಯಿತು. ನಾವಿಬ್ಬರೂ ಕಿವಿಗೊಟ್ಟು ಕೂತೆವು. ತಿರುವಿನಲ್ಲಿ ಟೈರು ಕಿರುಗುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮೊದಲ ಪಾಠ ಆರು ಗಂಟೆಗೆ. ಐದೂಮುಕ್ಕಾಲಿಗೆ ಹಾಲು ತರಲೆಂದು ಹೊರಬಂದರೆ ಭಾಮೈದ ಗೇಟಿನ ಹೊರಗೆ ತಲೆಗೂದಲು ಒದ್ದೆಯಾಗಿಯೇ ನಿಂತಿದ್ದ. ನಡೆದುಕೊಂಡೇ ಬಂದಿದ್ದ.

"ಅಕ್ಕ ಎದ್ದಿದ್ದಾಳಾ, ಭಾವಾ?" ಎಂದು ಕೇಳಿದ.